ಲ್ಯಾಬಿಗೆ ಎಷ್ಟು ಜನ ಬೇಕು? ಗಂಟೆಗಳಿಂದ ಲೆಕ್ಕ ಹಾಕುವ ಬಗೆ

ಬೆಂಗಳೂರಿನ ಎಷ್ಟೋ ಶಾಲೆ, ಪಿಯು ಕಾಲೇಜುಗಳಲ್ಲಿ ಲ್ಯಾಬ್ ಅಟೆಂಡರ್‌ಗಳ ಸಂಖ್ಯೆ ನಿರ್ಧಾರವಾಗುವುದು ಕೋಣೆ ಎಣಿಸಿ: ಮೂರು ಲ್ಯಾಬ್, ಮೂರು ಜನ. ಮ್ಯಾನೇಜ್‌ಮೆಂಟ್ ಕೈ ಬಿಗಿಹಿಡಿದರೆ ಇಬ್ಬರು. ಈ ಲೆಕ್ಕದಲ್ಲಿ ಸೆಕ್ಷನ್ ಎಷ್ಟು, ಬ್ಯಾಚ್ ಎಷ್ಟು ಎಂಬ ಪ್ರಶ್ನೆಯೇ ಬರುವುದಿಲ್ಲ. ಎರಡು ಸೆಕ್ಷನ್ ಇದ್ದಾಗಲೂ ಇಬ್ಬರೇ, ನಾಲ್ಕಾದಾಗಲೂ ಇಬ್ಬರೇ. ಕೆಲಸ ಮಾತ್ರ ದುಪ್ಪಟ್ಟು. ಎಣಿಸಬೇಕಾದದ್ದು ಗಂಟೆಗಳನ್ನು, ಅದರಲ್ಲೂ ಮಕ್ಕಳು ಲ್ಯಾಬಿಗೆ ಬರುವ ಮೊದಲಿನ ಮತ್ತು ಹೋದ ನಂತರದ ಗಂಟೆಗಳನ್ನು. ಹೇಗೆ ಎಂಬುದನ್ನು ಒಂದು ಮಾದರಿ ಸಂಸ್ಥೆಯ ಅಂಕಿಗಳೊಂದಿಗೆ ನೋಡೋಣ. ನಿಮ್ಮ ಟೈಮ್‌ಟೇಬಲ್ ಪಕ್ಕದಲ್ಲಿಟ್ಟುಕೊಂಡು ಅಂಕಿ ಬದಲಿಸುತ್ತಾ ಹೋಗಿ.

ಮೊದಲು ಬೋಧನೆಯ ಗಂಟೆ

ಮಾದರಿ ಸಂಸ್ಥೆಯಲ್ಲಿ 8ರಿಂದ 10ನೇ ತರಗತಿಯವರೆಗೆ ತಲಾ ಮೂರು ಸೆಕ್ಷನ್, ಅಂದರೆ ಒಟ್ಟು 9. ಸೆಕ್ಷನ್ ಒಂದಕ್ಕೆ ವಾರಕ್ಕೆ 40 ನಿಮಿಷದ 6 ವಿಜ್ಞಾನ ಪೀರಿಯಡ್: 36 ಗಂಟೆ. ಪಿಯುವಿನಲ್ಲಿ ವರ್ಷಕ್ಕೆ ಎರಡು ಸೆಕ್ಷನ್, ಒಂದು ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ), ಇನ್ನೊಂದು ಪಿಸಿಎಂಸಿ (ಜೀವಶಾಸ್ತ್ರದ ಬದಲು ಕಂಪ್ಯೂಟರ್), ಪ್ರತಿಯೊಂದರಲ್ಲೂ 60 ಮಕ್ಕಳು. ಥಿಯರಿ ವಿಷಯಕ್ಕೆ ವಾರಕ್ಕೆ 4 ಗಂಟೆ. ಭೌತಶಾಸ್ತ್ರ 16, ರಸಾಯನಶಾಸ್ತ್ರ 16, ಜೀವಶಾಸ್ತ್ರ ಎರಡೇ ಸೆಕ್ಷನ್‌ಗೆ ಇರುವುದರಿಂದ 8, ಒಟ್ಟು 40. ಪ್ರಾಕ್ಟಿಕಲ್‌ಗೆ ಸೆಕ್ಷನ್ ಒಂದನ್ನು 20 ಮಕ್ಕಳ ಮೂರು ಬ್ಯಾಚ್ ಮಾಡಿ, ಬ್ಯಾಚಿಗೆ ವಿಷಯಕ್ಕೆ ವಾರಕ್ಕೆ 2 ಗಂಟೆ ಕೊಟ್ಟರೆ ಭೌತ 24, ರಸಾಯನ 24, ಜೀವ 12, ಒಟ್ಟು 60. ಎಲ್ಲ ಸೇರಿ ವಾರಕ್ಕೆ 136 ಗಂಟೆ.

ಬ್ರಿಟನ್ನಿನ ಶಾಲೆಗಳಲ್ಲಿ ಇದಕ್ಕೊಂದು ಸರಳ ಅಳತೆ ಬಳಕೆಯಲ್ಲಿದೆ. ಲ್ಯಾಬ್ ತಂತ್ರಜ್ಞರ ವಾರದ ಒಟ್ಟು ಗಂಟೆಯನ್ನು ವಿಜ್ಞಾನ ಬೋಧನೆಯ ವಾರದ ಒಟ್ಟು ಗಂಟೆಯಿಂದ ಭಾಗಿಸುತ್ತಾರೆ. ಸೇವಾ ಗುಣಾಂಕ ಎನ್ನೋಣ. ಅಲ್ಲಿನ ವಿಜ್ಞಾನ ಶಿಕ್ಷಕರ ಸಂಘ ಎಎಸ್‌ಇ ಮತ್ತು ಶಾಲಾ ಲ್ಯಾಬ್‌ಗಳಿಗೆ ಸಲಹೆ ಕೊಡುವ ಕ್ಲೀಪ್ಸ್ ಸಂಸ್ಥೆ ಹೇಳುವ ಅಂಕಿ 0.85. ಅದಕ್ಕಿಂತ ಕೆಳಗಿಳಿದಂತೆ ಒಂದೊಂದೇ ಕೆಲಸ ಕೈಬಿಡಬೇಕಾಗುತ್ತದೆ. ನಮ್ಮ ಮಾದರಿಗೆ 136 × 0.85 = 115.6 ಗಂಟೆ ಬೇಕು. ಈಗಿರುವ ಇಬ್ಬರು ತಲಾ 39 ಗಂಟೆ ಕೆಲಸ ಮಾಡಿದರೆ ಸಿಗುವ ಗುಣಾಂಕ 78 ÷ 136, ಅಂದರೆ ಸುಮಾರು 0.57.

ಆದರೆ ಈ ಅಂಕಿಯನ್ನೇ ಹಿಡಿದು ಪ್ರಿನ್ಸಿಪಾಲರ ಚೇಂಬರಿಗೆ ಹೋಗಬೇಡಿ. ಅಲ್ಲಿ ವಿಜ್ಞಾನದ ಪಾಠ ಬಹುಮಟ್ಟಿಗೆ ಲ್ಯಾಬಿನಲ್ಲೇ ನಡೆಯುತ್ತದೆ. ನಮ್ಮಲ್ಲಿ ಥಿಯರಿ ಕ್ಲಾಸ್‌ರೂಮಿನಲ್ಲಿ, ಪ್ರಾಕ್ಟಿಕಲ್ ಬ್ಯಾಚ್ ಮೇಲೆ ಬ್ಯಾಚ್. "ಇಂಗ್ಲೆಂಡಿನ ಲೆಕ್ಕ ನಮಗ್ಯಾಕೆ ಸರ್?" ಎಂದು ಸೆಕ್ರೆಟರಿ ಕೇಳಿದರೆ ಉತ್ತರ ಕಷ್ಟ. ಅದನ್ನು ತಾಳೆ ನೋಡಲು ಮಾತ್ರ ಇಟ್ಟುಕೊಂಡು, ಅಸಲಿ ಲೆಕ್ಕವನ್ನು ಕೆಳಗಿನಿಂದ ಕಟ್ಟಿ.

ಎರಡು ವಾರದ ಡೈರಿ

ಅಟೆಂಡರ್‌ಗಳೇ ತಮ್ಮ ಕೈಯಾರೆ ಬರೆಯಬೇಕು. ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಅಂದಾಜಿನಲ್ಲಿ ತುಂಬಿದ ಡೈರಿಗೆ ಬೆಲೆಯಿಲ್ಲ. 15 ನಿಮಿಷಕ್ಕೊಂದು ಗೆರೆ, ಐದು ಕಲಂ: ಜೋಡಣೆ, ಕ್ಲಾಸಿನಲ್ಲಿ ಹಾಜರಿ, ತೊಳೆತ ಮತ್ತು ಎತ್ತಿಡುವುದು, ದ್ರಾವಣ ತಯಾರಿ ಹಾಗೂ ರಿಪೇರಿ, ಮತ್ತು ಹೊರಗಿನ ಕೆಲಸ. ಈ ಕೊನೆಯ ಕಲಂ ಬಹಳ ಮುಖ್ಯ. ಬೆಲ್ ಹೊಡೆಯುವುದು, ಸರ್ಕ್ಯುಲರ್ ಹಿಡಿದು ಕ್ಲಾಸ್ ಕ್ಲಾಸ್ ಸುತ್ತುವುದು, ಜೆರಾಕ್ಸ್, ಅಡ್ಮಿಷನ್ ದಿನಗಳಲ್ಲಿ ಟೇಬಲ್ ಹಾಕುವುದು, ಪರೀಕ್ಷೆಗೆ ಡೆಸ್ಕ್ ಮೇಲೆ ನಂಬರ್ ಅಂಟಿಸುವುದು ಎಲ್ಲವೂ ಅಲ್ಲಿಗೆ ಬರಬೇಕು. ಬರೆದು ನೋಡಿದ ಮೇಲೆ ಲ್ಯಾಬಿನವರು ಲ್ಯಾಬಿನಲ್ಲಿ ಎಷ್ಟು ಹೊತ್ತು ಇರುತ್ತಾರೆಂಬುದು ಪ್ರಿನ್ಸಿಪಾಲರಿಗೇ ಹೊಸ ಸುದ್ದಿಯಾಗುವುದುಂಟು.

ಶುರುವಿಗೇ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡಿ: ಇದು ಯಾರು ಮೈಗಳ್ಳರು ಎಂದು ಹಿಡಿಯುವುದಕ್ಕಲ್ಲ. ಹೇಳದಿದ್ದರೆ ಪ್ರತಿದಿನವೂ ಗೀಟು ಎಳೆದ ಹಾಗೆ ಎಂಟು ಗಂಟೆ ತುಂಬಿ ಬರುತ್ತದೆ, ಆ ಡೈರಿಯಿಂದ ಏನೂ ತಿಳಿಯುವುದಿಲ್ಲ. ಎರಡರಲ್ಲಿ ಒಂದು ವಾರ ಸಾಮಾನ್ಯದ್ದು, ಇನ್ನೊಂದು ಸಾಲ್ಟ್ ಅನಾಲಿಸಿಸ್ (ಕೊಟ್ಟ ಲವಣ ಯಾವುದೆಂದು ಪತ್ತೆ ಹಚ್ಚುವ ಪ್ರಯೋಗ) ಇರುವ ವಾರ ಆಗಿರಲಿ.

ರಸಾಯನಶಾಸ್ತ್ರದ ಗಂಟೆ ಎಲ್ಲಿ ಹೋಗುತ್ತದೆ

ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಮತ್ತು ಮೋರ್ಸ್ ಸಾಲ್ಟ್ (ಕಬ್ಬಿಣದ ಒಂದು ಲವಣ) ಟೈಟ್ರೇಷನ್ ತೆಗೆದುಕೊಳ್ಳಿ, ಅಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಬ್ಯೂರೆಟ್‌ನಿಂದ ಹನಿಹನಿಯಾಗಿ ಬಿಟ್ಟು ಸಾಮರ್ಥ್ಯ ಅಳೆಯುವ ಪ್ರಯೋಗ. ಒಬ್ಬ ವಿದ್ಯಾರ್ಥಿ ಒಂದು ಅಂದಾಜಿನ ಓದು (ರೀಡಿಂಗ್), ಮೂರು ಸರಿಯಾದ ಓದು ತೆಗೆಯುತ್ತಾನೆ. ಪ್ರತಿ ಸಲ ಸುಮಾರು 20 ಮಿಲಿ, ಅಲ್ಲಿಗೆ 80. ಬ್ಯೂರೆಟ್ ಜಾಲಿಸಿ ಚೆಲ್ಲಿದ್ದು, ಸೋರಿದ್ದು, ಕೊನೆಗೆ ಉಳಿದದ್ದು 40. ತಲೆಗೆ 120 ಮಿಲಿ ಎಂದರೆ 20 ಜನರ ಬ್ಯಾಚಿಗೆ 2.4 ಲೀಟರ್, 3 ಲೀಟರ್ ಮಾಡಿಟ್ಟರೆ ಕ್ಷೇಮ. 0.02 ಎಂ (ಮೋಲಾರ್) ದ್ರಾವಣಕ್ಕೆ ಲೀಟರಿಗೆ 3.16 ಗ್ರಾಂ, 3 ಲೀಟರಿಗೆ 9.5 ಗ್ರಾಂ. ತೂಗಿ ಕರಗಿಸುವುದು ಹತ್ತು ನಿಮಿಷದ ಕೆಲಸ ಎಂದು ಟೈಮ್‌ಟೇಬಲ್ ಮಾಡುವವರು ಅಂದುಕೊಂಡಿರುತ್ತಾರೆ. ಆದರೆ ದ್ರಾವಣವನ್ನು ಕುದಿಸಬೇಕು, ಒಂದು ದಿನ ಕತ್ತಲಲ್ಲಿ ಬಿಡಬೇಕು, ತಳಕ್ಕಿಳಿದ ಕಂದು ಗಸಿಯನ್ನು ಗ್ಲಾಸ್ ವೂಲ್‌ನಲ್ಲಿ ಸೋಸಬೇಕು. ಫಿಲ್ಟರ್ ಪೇಪರ್ ಬಳಸಿದರೆ ಪರ್ಮ್ಯಾಂಗನೇಟ್ ಕಾಗದವನ್ನೇ ತಿನ್ನುತ್ತದೆ, ಸಾಮರ್ಥ್ಯ ಇಳಿಯುತ್ತದೆ. ಆಮೇಲೆ ಬಣ್ಣದ ಬಾಟಲಿಗೆ ಹಾಕಬೇಕು. ಆಸಿಡ್ ಬರುವ 2.5 ಲೀಟರಿನ ಕಂದು ಗಾಜಿನ ಬಾಟಲಿ ಖಾಲಿಯಾದ ಮೇಲೆ ಚೆನ್ನಾಗಿ ತೊಳೆದು ಇದಕ್ಕೆ ಇಟ್ಟುಕೊಳ್ಳಬಹುದು. ಹಳೆಯ ಲೇಬಲ್ ಕಿತ್ತು ಹೊಸದು ಅಂಟಿಸುವುದು ಮಾತ್ರ ತಪ್ಪಬಾರದು.

ಮೋರ್ಸ್ ಸಾಲ್ಟ್ ಇದಕ್ಕೆ ತದ್ವಿರುದ್ಧ, ಮೊದಲೇ ಮಾಡಿಡುವಂತಿಲ್ಲ. 0.1 ಎಂಗೆ ಲೀಟರಿಗೆ 39.2 ಗ್ರಾಂ. ತಲೆಗೆ 100 ಮಿಲಿ ಲೆಕ್ಕದಲ್ಲಿ ಬ್ಯಾಚಿಗೆ 2 ಲೀಟರ್, 78.4 ಗ್ರಾಂ. ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದಲ್ಲೇ ಕರಗಿಸಬೇಕು. ಬರೀ ನೀರಿನಲ್ಲಿ ಕರಗಿಸಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಹಳದಿ ತಿರುಗಿ, ಮಕ್ಕಳ ಓದು 20ರ ಬದಲು 18ಕ್ಕೆ ಬರುತ್ತದೆ. ಅಂದರೆ ಪರ್ಮ್ಯಾಂಗನೇಟ್ ಎರಡು ದಿನ ಮೊದಲು, ಮೋರ್ಸ್ ಸಾಲ್ಟ್ ಅಂದೇ ಬೆಳಿಗ್ಗೆ. ಬೆಳಿಗ್ಗೆ ಆ ಹೊತ್ತಿಗೆ ಅಟೆಂಡರ್ ಪ್ರಾರ್ಥನೆಗೆ ಮೈಕ್ ಜೋಡಿಸುತ್ತಿದ್ದರೆ ಮಧ್ಯಾಹ್ನದ ಓದು ಕೆಟ್ಟಿತೆಂದೇ ಲೆಕ್ಕ.

ಸಾಲ್ಟ್ ಅನಾಲಿಸಿಸ್ ವಾರದಲ್ಲಿ ಭಾರ ತಯಾರಿಯಿಂದ ತೊಳೆತಕ್ಕೆ ಸರಿಯುತ್ತದೆ. ಒಬ್ಬರಿಗೆ 12 ಪ್ರನಾಳ, 20 ಜನಕ್ಕೆ 240. ಬ್ರಷ್ ಹಾಕಿ ತೊಳೆದು ಜಾಲಿಸಲು ಒಂದಕ್ಕೆ 20 ಸೆಕೆಂಡ್ ಎಂದರೂ 80 ನಿಮಿಷ. ಮುಂದಿನ ಬ್ಯಾಚ್ ಬರಲು ಇರುವುದು 30 ನಿಮಿಷ. ಆಗ ಅರ್ಧಂಬರ್ಧ ತೊಳೆದ ಪ್ರನಾಳ ಸ್ಟ್ಯಾಂಡಿಗೆ ಹೋಗುತ್ತದೆ. ಬೋರ್‌ವೆಲ್ ನೀರಿನ ಹನಿ ಉಳಿದ ಪ್ರನಾಳಕ್ಕೆ ಸಿಲ್ವರ್ ನೈಟ್ರೇಟ್ ಬಿದ್ದರೆ ಆ ನೀರಿನ ಕ್ಲೋರೈಡ್‌ನಿಂದಲೇ ಬಿಳಿ ಮಸುಕು. ಕ್ಲೋರೈಡ್ ಇಲ್ಲದ ಸಾಲ್ಟಿಗೂ ಇಡೀ ಬ್ಯಾಚ್ "ಕ್ಲೋರೈಡ್" ಎಂದು ಬರೆಯುತ್ತದೆ. ಮೇಷ್ಟ್ರು ಮಕ್ಕಳನ್ನು ಬೈಯುತ್ತಾರೆ, ಮಕ್ಕಳು ಸಾಲ್ಟನ್ನು ಬೈಯುತ್ತಾರೆ, ತಪ್ಪು ಮಾತ್ರ ಆ 30 ನಿಮಿಷದ್ದು. ಪರಿಹಾರ ಎರಡು: ಪ್ರಾಕ್ಟಿಕಲ್‌ನ ಕೊನೆಯ 10 ನಿಮಿಷ ಮಕ್ಕಳೇ ತಮ್ಮ ಪ್ರನಾಳ ತೊಳೆದು ಕವುಚಿಡಬೇಕು, ಅಟೆಂಡರ್ ಡಿಸ್ಟಿಲ್ಡ್ ವಾಟರಿನಲ್ಲಿ ಕೊನೆಯ ಜಾಲನ್ನಷ್ಟೇ ಮಾಡಬೇಕು. ಹೀಗಾದರೆ ಬ್ಯಾಚಿಗೆ 45 ನಿಮಿಷ ಸಾಕು. ಪ್ರನಾಳ ಎರಡು ಸೆಟ್ ಇದ್ದರೆ ಎರಡು ಬ್ಯಾಚ್ ನಡುವಿನ ಓಟವೂ ತಪ್ಪುತ್ತದೆ.

ಡಿಸ್ಟಿಲ್ಡ್ ವಾಟರಿಗೂ ಗಂಟೆ ಲೆಕ್ಕ ಹಾಕಿ. 1 ಲೀಟರ್ ಬಟ್ಟಿ ಇಳಿಸಲು ಸುಮಾರು 0.7 ಯೂನಿಟ್ ಕರೆಂಟ್, ತಂಪು ಮಾಡಲು 12ರಿಂದ 15 ಲೀಟರ್ ನೀರು ಬೇಕು. ಆ ನೀರನ್ನು ಸಿಂಕಿಗೆ ಬಿಡದೆ ಡ್ರಮ್ಮಿಗೆ ಹಿಡಿದರೆ ತೊಳೆಯುವುದಕ್ಕೆ ಒದಗುತ್ತದೆ. 2024ರ ಬೇಸಿಗೆಯಲ್ಲಿ ನಗರದ ಬೋರ್‌ವೆಲ್‌ಗಳು ಬತ್ತಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಟ್ಟಿ ಯಂತ್ರ ಹಚ್ಚಿ ಬೇರೆ ಕೆಲಸಕ್ಕೆ ಹೋಗುವಂತಿಲ್ಲ: ನಲ್ಲಿ ನೀರು ನಿಂತರೆ ಹೀಟರ್ ಕಾಯಿಲ್ ಸುಟ್ಟುಹೋಗುತ್ತದೆ. ಗಡಸು ನೀರಾದರೆ ಕಾಯಿಲಿಗೆ ಸುಣ್ಣ ಕಟ್ಟುತ್ತದೆ, ತಿಂಗಳಿಗೊಮ್ಮೆ ಸಾರರಿಕ್ತ ಆಮ್ಲ ಹಾಕಿ ಬಿಡಿಸಬೇಕು. ಕ್ಯಾನಿನಲ್ಲಿ ಬರುವ ಬ್ಯಾಟರಿ ನೀರು ತರುವುದಾದರೆ ಪ್ರತಿ ಕ್ಯಾನಿಗೂ ಎರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿ ನೋಡಿ, ಮಸುಕಾದರೆ ತಿರುಗಿಸಿ ಕಳಿಸಿ.

ಹೀಗೆ ರಸಾಯನಶಾಸ್ತ್ರದ ಒಂದು ಬ್ಯಾಚಿಗೆ ಜೋಡಣೆ ಅರ್ಧ ಗಂಟೆ, ಹಾಜರಿ 2, ನಂತರದ್ದು ಮುಕ್ಕಾಲು, ಒಟ್ಟು 3.25 ಗಂಟೆ. ವಾರಕ್ಕೆ 12 ಬ್ಯಾಚ್: 39 ಗಂಟೆ. ದ್ರಾವಣ ತಯಾರಿಗೆ 5. ಒಟ್ಟು 44.

ಭೌತ, ಜೀವ, ಹೈಸ್ಕೂಲು

ಭೌತಶಾಸ್ತ್ರದಲ್ಲಿ ತೊಳೆತವಿಲ್ಲ, ರಿಪೇರಿಯಿದೆ. ಮೀಟರ್ ಬ್ರಿಡ್ಜಿನ ತಂತಿ ಸಡಿಲ, ಪ್ಲಗ್ ಕೀಗೆ ಕಿಲುಬು, ರೆಸಿಸ್ಟೆನ್ಸ್ ಬಾಕ್ಸಿನ ಪ್ಲಗ್ ಮಾಯ, ಕನೆಕ್ಟಿಂಗ್ ವೈರು ಹೊರಗೆ ನೆಟ್ಟಗಿದ್ದು ಒಳಗೆ ತುಂಡು. ಸ್ಯಾಂಡ್‌ಪೇಪರ್, ಮಲ್ಟಿಮೀಟರ್, ಸೋಲ್ಡರಿಂಗ್ ಐರನ್ ಈ ಮೂರಿಲ್ಲದ ಭೌತಶಾಸ್ತ್ರ ಲ್ಯಾಬಿನಲ್ಲಿ ಅಟೆಂಡರ್ ಇದ್ದೂ ಇಲ್ಲದ ಹಾಗೆ. ಡಯೋಡ್, ಕೀ, ವೈರಿನಂಥ ಚಿಲ್ಲರೆಗೆ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಎಸ್.ಪಿ. ರಸ್ತೆಗೆ ಹೋಗಿ ಬರಲು ಅರ್ಧ ದಿನ ಬೇಕು. ತಿಂಗಳಿಗೊಂದು ಪಟ್ಟಿ ಮಾಡಿ ಒಂದೇ ಸಲ ತನ್ನಿ. ಬ್ಯಾಚಿಗೆ 2.75 ಗಂಟೆ, 12 ಬ್ಯಾಚಿಗೆ 33, ರಿಪೇರಿಗೆ 4. ಒಟ್ಟು 37.

ಜೀವಶಾಸ್ತ್ರದ ಗಂಟೆ ಕಣ್ಣಿಗೆ ಕಾಣುವುದು ಕಡಿಮೆ, ದಿನಗಳ ಮೇಲೆ ಹರಡಿರುತ್ತದೆ. ಈರುಳ್ಳಿ ಬೇರಿನ ತುದಿಯಲ್ಲಿ ಮೈಟಾಸಿಸ್ (ಜೀವಕೋಶ ವಿಭಜನೆ) ತೋರಿಸುವ ಪ್ರಾಕ್ಟಿಕಲ್ ಬುಧವಾರ ಇದೆ ಎನ್ನಿ. 60 ಮಕ್ಕಳು, ತಲಾ ಎರಡು ತುದಿ. ಹನ್ನೆರಡು ಗಟ್ಟಿ ಈರುಳ್ಳಿ ಸಾಕು. ಹಿಂದಿನ ಗುರುವಾರ ಸಂಜೆ ಒಣ ಬೇರು ಕೆರೆದು, ಬುಡ ಮಾತ್ರ ನೀರಿಗೆ ತಾಗುವಂತೆ ಲೋಟದ ಬಾಯಿಗೆ ಕೂರಿಸಬೇಕು. ಶುಕ್ರವಾರ ಒಮ್ಮೆ, ಶನಿವಾರ ಮಧ್ಯಾಹ್ನ ಮನೆಗೆ ಹೊರಡುವ ಮೊದಲು ಇನ್ನೊಮ್ಮೆ ನೀರು ಬದಲಿಸಬೇಕು. ಶನಿವಾರ ಮರೆತರೆ ಸೋಮವಾರ ಕೋಣೆ ನಾರುತ್ತದೆ, ಬೇರು ಕೊಳೆತಿರುತ್ತದೆ. ಸೋಮವಾರ ಬೆಳಿಗ್ಗೆ 8ರಿಂದ 10ರ ಒಳಗೆ 2–3 ಸೆಂ.ಮೀ. ಬೇರಿನ ತುದಿ ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಮ್ಲ ಮೂರು ಪಾಲು ಆಲ್ಕೊಹಾಲ್‌ನ ಮಿಶ್ರಣದಲ್ಲಿ 24 ಗಂಟೆ ಇಡಬೇಕು. 25 ಮಿಲಿಗೆ 75 ಮಿಲಿ, ಆಗಿಂದಾಗಲೇ ಬೆರೆಸಿದ್ದು. ಮಂಗಳವಾರ 70% ಆಲ್ಕೊಹಾಲ್‌ಗೆ ವರ್ಗ. ಬುಧವಾರ ಪ್ರಾಕ್ಟಿಕಲ್. "ನಾಳೆ ಮೈಟಾಸಿಸ್ ಇಟ್ಕೊಳ್ಳೋಣ ರೀ" ಎಂದು ಮಂಗಳವಾರ ಸಂಜೆ ಮೇಡಂ ಹೇಳಿದರೆ ಯಾವ ಅಟೆಂಡರ್ ಕೈಯಲ್ಲೂ ಆಗದ ಮಾತು. ಅದಕ್ಕೇ ಇಂಡೆಂಟ್ ಚೀಟಿಯ, ಅಂದರೆ ಬೇಕಾದದ್ದನ್ನು ಮೊದಲೇ ಬರೆದು ಕೊಡುವ ಚೀಟಿಯ, ನಿಯಮ ಬೇಕು: ಮಾಮೂಲಿ ಪ್ರಾಕ್ಟಿಕಲ್‌ಗೆ ಮೂರು ಕೆಲಸದ ದಿನ ಮುಂಚೆ, ಜೀವಂತ ವಸ್ತು ಬೇಕಿದ್ದರೆ ಎಂಟು ದಿನ ಮುಂಚೆ. ಬ್ಯಾಚಿಗೆ 3 ಗಂಟೆ, 6 ಬ್ಯಾಚಿಗೆ 18, ತಯಾರಿಗೆ 4. ಒಟ್ಟು 22.

ಹೈಸ್ಕೂಲಿನ 9 ಸೆಕ್ಷನ್‌ಗೆ ವಾರಕ್ಕೊಂದು ಪ್ರಯೋಗ, ಹಿಂದೆ ಮುಂದೆ 20 ನಿಮಿಷ ಸೇರಿ ತಲಾ 80 ನಿಮಿಷ: 12 ಗಂಟೆ. ಯಾವ ಕ್ಲಾಸಿಗೂ ಸೇರದ ಬಟ್ಟಿ ನೀರು, ಸ್ಟಾಕ್ ಬುಕ್, ಒಡೆದ ಸಾಮಾನಿನ ರಿಜಿಸ್ಟರ್, ಖರೀದಿ, ಗ್ಯಾಸ್ ಪೈಪು ಮತ್ತು ಫಸ್ಟ್ ಏಡ್ ಪೆಟ್ಟಿಗೆ ನೋಡುವುದು ಸೇರಿ 8 ಗಂಟೆ.

44 + 37 + 22 + 12 + 8 = 123. ಬ್ರಿಟನ್ನಿನ ಗುಣಾಂಕ ಕೊಟ್ಟ 115.6ಕ್ಕೆ ಹತ್ತಿರವೇ ಇದೆ, ಆದರೆ ಎರಡೂ ಬೇರೆ ದಾರಿಯಲ್ಲಿ ಬಂದ ಅಂಕಿಗಳು. ಹತ್ತಿರ ಬಂದದ್ದನ್ನೇ ಸಾಕ್ಷಿ ಎಂದು ತೋರಿಸಬೇಡಿ. ನಿಮ್ಮಲ್ಲಿ ಹೊಂದದೆಯೂ ಹೋಗಬಹುದು.

ಗಂಟೆಯಿಂದ ಜನಕ್ಕೆ

ಸೋಮವಾರದಿಂದ ಶುಕ್ರವಾರ ಊಟ, ಕಾಫಿ ಕಳೆದು ದಿನಕ್ಕೆ 7 ಗಂಟೆ, ಶನಿವಾರ 4: ಒಬ್ಬರಿಗೆ 39. ಇಷ್ಟೂ ಲ್ಯಾಬಿಗೆ ಸಿಗುವುದಿಲ್ಲ. ರಜೆ, ಹುಷಾರಿಲ್ಲದ ದಿನ, ಆಫೀಸಿನ ಕರೆ ಎಂದು 15% ಕಳೆಯಿರಿ, 33 ಉಳಿಯುತ್ತದೆ. ನಿಮ್ಮ ಡೈರಿಯ "ಹೊರಗಿನ ಕೆಲಸ" ಕಲಂ ಅದಕ್ಕಿಂತ ಹೆಚ್ಚು ತೋರಿಸಿದರೆ ಅದನ್ನೇ ಕಳೆಯಿರಿ. 123 ÷ 33 = 3.7. ನಾಲ್ಕು ಜನ. ಇರುವ ಇಬ್ಬರಿಂದ 66 ಗಂಟೆ, ವಾರಕ್ಕೆ 57 ಗಂಟೆ ಕೊರತೆ.

ಇಲ್ಲಿಗೇ ನಿಲ್ಲಿಸಬೇಡಿ, ಸರಾಸರಿ ಮೋಸ ಮಾಡುತ್ತದೆ. ವಾರಕ್ಕೆ 30 ಪ್ರಾಕ್ಟಿಕಲ್ ಬ್ಯಾಚ್. ದಿನಕ್ಕೆ ಮೂರು ಎರಡು-ಗಂಟೆಯ ಅವಧಿ ಇದ್ದರೆ ಐದು ದಿನಕ್ಕೆ 15 ಅವಧಿ, ಏಕಕಾಲಕ್ಕೆ ಎರಡು ಲ್ಯಾಬ್ ನಡೆದರೆ ಸಾಕು. ಬೆಳಗೆಲ್ಲ ಥಿಯರಿ ಎಂದು ಪ್ರಾಕ್ಟಿಕಲ್‌ಗಳನ್ನು ಮಧ್ಯಾಹ್ನದ ಕಡೆಗೆ ತಳ್ಳಿ ದಿನಕ್ಕೆ ಎರಡೇ ಅವಧಿ ಕೊಟ್ಟರೆ ಮೂರೂ ಲ್ಯಾಬ್ ಒಟ್ಟಿಗೆ ನಡೆಯುತ್ತವೆ. ಆಗ ಇಬ್ಬರಿರುವ ಕಡೆ ಒಂದು ಲ್ಯಾಬಿನಲ್ಲಿ ಯಾರೂ ಇಲ್ಲ, ಬೆಳಿಗ್ಗೆ ಮಾತ್ರ ಇಬ್ಬರೂ ಬಿಡುವಾಗಿ ಕಾಣುತ್ತಾರೆ. ಮ್ಯಾನೇಜ್‌ಮೆಂಟಿನವರು ರೌಂಡ್ಸ್ ಬರುವುದೂ ಬೆಳಿಗ್ಗೆಯೇ. ಹಾಗಾಗಿ ಟೈಮ್‌ಟೇಬಲ್ ಹಾಳೆಯಲ್ಲಿ ಒಂದೊಂದು ಅವಧಿಗೂ ಎಷ್ಟು ಲ್ಯಾಬ್ ತೆರೆದಿದೆ ಎಂದು ಕೆಂಪು ಪೆನ್ನಿನಲ್ಲಿ ಬರೆದು ಜೊತೆಗಿಡಿ.

ಜನ ಕೊಡುವುದಿಲ್ಲ ಎಂದರೆ

ಮೊದಲು ನೀವೇ ಉಳಿಸಬಹುದಾದ್ದನ್ನು ಉಳಿಸಿ ತೋರಿಸಿ. ಭೌತಶಾಸ್ತ್ರದಲ್ಲಿ 20 ಮಕ್ಕಳಿಗೂ ಒಂದೇ ಪ್ರಯೋಗ ಕೊಡುವ ಬದಲು ಐದು ಪ್ರಯೋಗಗಳ ನಾಲ್ಕು ನಾಲ್ಕು ಸೆಟ್ ಮೇಜಿನ ಮೇಲೆ ಐದು ವಾರ ಹಾಗೇ ಬಿಡಿ, ಮಕ್ಕಳು ಸುತ್ತಲಿ. ಜೋಡಣೆ ಅರ್ಧ ಗಂಟೆಯಿಂದ 10 ನಿಮಿಷಕ್ಕೆ ಇಳಿದು ವಾರಕ್ಕೆ 4 ಗಂಟೆ ಉಳಿಯುತ್ತದೆ. ಭೌತಶಾಸ್ತ್ರದ ಬ್ಯಾಚಿನಲ್ಲಿ ಅಟೆಂಡರ್ ಮೊದಲ ಮತ್ತು ಕೊನೆಯ ಅರ್ಧ ಗಂಟೆ ಮಾತ್ರ ಇದ್ದರೆ 12 ಗಂಟೆ. ರಸಾಯನಶಾಸ್ತ್ರದಲ್ಲಿ ಎಲ್ಲ ಸೆಕ್ಷನ್‌ಗೂ ಒಂದೇ ವಾರ ಒಂದೇ ಟೈಟ್ರೇಷನ್ ಇಟ್ಟರೆ ದ್ರಾವಣ ಒಂದೇ ಸಲ ಮಾಡಿದರಾಯಿತು, 2 ಗಂಟೆ. ಒಟ್ಟು 18. ಬೇಕಾದದ್ದು 105ಕ್ಕೆ ಇಳಿಯುತ್ತದೆ: ಮೂವರು ಪೂರ್ಣಾವಧಿ, ಜೊತೆಗೆ ವಾರಕ್ಕೆ 6 ಗಂಟೆ ತೊಳೆಯಲು ಬರುವವರೊಬ್ಬರು. ನಾಲ್ವರನ್ನು ಕೇಳಿ ಸಿಗದ ಕಡೆ ಈ ಬೇಡಿಕೆಗೆ ಒಪ್ಪಿಗೆ ಸಿಗುವ ಸಾಧ್ಯತೆ ಹೆಚ್ಚು.

ಕಡಿತ ಮಾಡಬಾರದ ಜಾಗವೂ ಇದೆ. ರಸಾಯನಶಾಸ್ತ್ರದ ಬ್ಯಾಚಿನ ಹಾಜರಿ ಮುಟ್ಟಬೇಡಿ. ಒಬ್ಬ ಮೇಷ್ಟ್ರು 20 ಬರ್ನರ್, 20 ಬ್ಯೂರೆಟ್ ನೋಡಿಕೊಂಡು, ಅದರ ನಡುವೆ ಆಸಿಡ್ ಬಿದ್ದ ಕೈಯನ್ನು 20 ನಿಮಿಷ ಹರಿಯುವ ನೀರಿಗೆ ಹಿಡಿದು ನಿಲ್ಲಲಾರರು. ಸಾಂದ್ರ ಆಮ್ಲವನ್ನು ದುರ್ಬಲಗೊಳಿಸುವ ಕೆಲಸ ಎಲ್ಲರೂ ಹೋದ ಮೇಲೆ ಒಬ್ಬರೇ ಮಾಡುವುದೂ ಬೇಡ. 2 ಎಂ ಸಲ್ಫ್ಯೂರಿಕ್ ಆಮ್ಲಕ್ಕೆ ಲೀಟರಿಗೆ ಸುಮಾರು 111 ಮಿಲಿ ಸಾಂದ್ರ ಆಮ್ಲ, ನೀರಿಗೆ ಆಮ್ಲ ನಿಧಾನಕ್ಕೆ. ಪಾತ್ರೆ ಕುದಿಯುವಷ್ಟು ಬಿಸಿಯಾಗುತ್ತದೆ. ಅವಸರದಲ್ಲಿ ಆಗುವ ಕೆಲಸವಲ್ಲ.

ಪ್ರಾಕ್ಟಿಕಲ್ ಪರೀಕ್ಷೆಯ ವಾರಗಳನ್ನು ಪ್ರತ್ಯೇಕವಾಗಿ ಎಣಿಸಿ. ದ್ವಿತೀಯ ಪಿಯುವಿನಲ್ಲಿ ವಿಜ್ಞಾನ ವಿಷಯಕ್ಕೆ 30 ಅಂಕ ಪ್ರಾಕ್ಟಿಕಲ್‌ನದೇ. 120 ಮಕ್ಕಳಿಗೆ ತಲಾ 120 ಮಿಲಿಯಂತೆ 14.4 ಲೀಟರ್ ಪರ್ಮ್ಯಾಂಗನೇಟ್, ಹೆಚ್ಚುವರಿ ಒಂದೂ ಸೇರಿ 2.5 ಲೀಟರಿನ ಏಳು ಬಾಟಲಿ, ಬಾಟಲಿಗೆ 7.9 ಗ್ರಾಂ. ಏಳನ್ನೂ ಬೇರೆ ಬೇರೆ ಮಾಡಿದರೆ ಏಳರ ಸಾಮರ್ಥ್ಯವೂ ಒಂದಿಷ್ಟು ಬೇರೆಯಾಗುತ್ತದೆ, 0.3 ಮಿಲಿ ವ್ಯತ್ಯಾಸ ಬಂದರೂ ಮಕ್ಕಳ ಅಂಕಕ್ಕೆ ಹೊಡೆತ. ಪ್ರತಿ ಬಾಟಲಿಗೆ ನಂಬರ್ ಬರೆದು, ಒಂದೇ ಮೋರ್ಸ್ ಸಾಲ್ಟ್ ದ್ರಾವಣದ ಎದುರು ಟೈಟ್ರೇಟ್ ಮಾಡಿ, ಓದನ್ನು ಬಾಟಲಿಯ ಮೇಲೆ ಅಂಟಿಸಿ, ಹೊರಗಿನ ಪರೀಕ್ಷಕರಿಗೆ ಆ ಪಟ್ಟಿ ಕೊಡಿ. ಬಾಟಲಿಗೆ 30 ನಿಮಿಷದಂತೆ ಇದೊಂದಕ್ಕೇ ಮೂರೂವರೆ ಗಂಟೆ.

ಇಷ್ಟನ್ನೂ ಒಂದೇ ಹಾಳೆಗೆ ಇಳಿಸಿ: ಬೇಕಾದ ಗಂಟೆ, ಇರುವ ಗಂಟೆ, ಕೊರತೆ, ನೀವೇ ಉಳಿಸಿದ 18, ಆಮೇಲೂ ಉಳಿದ ಕೊರತೆ. ಹಿಂಬದಿಯಲ್ಲಿ ಕೆಂಪು ಪೆನ್ನಿನ ಟೈಮ್‌ಟೇಬಲ್. "ಮೊದಲಿಂದಲೂ ಇಬ್ಬರೇ ಇದ್ರಲ್ಲ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಆ ಇಬ್ಬರು ಸೇರಿದ ವರ್ಷದ ಸೆಕ್ಷನ್‌ಗಳ ಸಂಖ್ಯೆಯನ್ನು ಹಾಜರಿ ಪುಸ್ತಕದಿಂದ ತೆಗೆದು ಈಗಿನ ಸಂಖ್ಯೆಯ ಪಕ್ಕದಲ್ಲಿ ಬರೆದಿಡಿ. ಹಾಳೆ ಕೊಡಬೇಕಾದ ಕಾಲ ಮಾರ್ಚ್, ಮುಂದಿನ ವರ್ಷದ ಬಜೆಟ್ಟಿಗೆ ಕೂರುವ ಮೊದಲು. ಜೂನ್‌ನಲ್ಲಿ ಕೊಟ್ಟರೆ ಅಡ್ಮಿಷನ್ ಗಲಾಟೆಯಲ್ಲಿ ಫೈಲಿನ ತಳ ಸೇರುತ್ತದೆ.